ಇಂದಿನ ಧಮ್ಮ ಚಿಂತನೆ: ಕೆಂಪು ನೀರು ಯಾರ ಮನೆಗೆ?



ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಹೊಸನಗರ ದಾಟಿ ಸಾಗರದ ಲಿಂಗನಮಕ್ಕಿ ಸೇರುತ್ತದೆ. ಮೂರು ತಾಲ್ಲೂಕು, ಒಂದೇ ನೀರು. ಮೇಲೆ ರಸ್ತೆಗೋ ಲೇಔಟಿಗೋ ಗುಡ್ಡ ಬಗೆದರೆ ಮಳೆಗಾಲದಲ್ಲಿ ಆ ಮಣ್ಣು ಹಳ್ಳಕ್ಕಿಳಿಯುತ್ತದೆ. ಮೀನಿನ ಮೊಟ್ಟೆ ಮುಚ್ಚಿಹೋಗುತ್ತದೆ, ಕೆಳಗಿನವರು ಕುಡಿಯುವ ನೀರು ಕದಡುತ್ತದೆ. ಪ್ರತೀತ್ಯ ಸಮುತ್ಪಾದವನ್ನು ನಾನು ಇಲ್ಲಿ ಕಣ್ಣಾರೆ ಕಾಣುತ್ತೇನೆ: ಕಾರಣ ಮೇಲೆ, ದುಃಖ ಕೆಳಗೆ.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ಮಹಾಡಿನ ಚವದಾರ್ ಕೆರೆಯ ನೀರು ಕುಡಿದರು. ಅಂದಿನ ಪ್ರಶ್ನೆ ನೀರಿನ ಹಕ್ಕಿನದು. ಹಕ್ಕಾಗಿ ಸಿಕ್ಕ ನೀರೇ ಕೆಸರಾದರೆ ಆ ಹಕ್ಕಿನಲ್ಲಿ ಉಳಿಯುವುದೇನು? ಅದಕ್ಕೇ ನದಿ ಕಾಯುವ ಸ್ವಯಂಸೇವೆಯನ್ನು ಮಹಾಡಿನ ಮುಂದುವರಿಕೆ ಎಂದೇ ನಾನು ತಿಳಿಯುತ್ತೇನೆ. ನದಿಗಳ ರಕ್ಷಣೆ ನಾಗರಿಕರ ಕರ್ತವ್ಯ ಎಂದು ಸಂವಿಧಾನದ 51ಎ ವಿಧಿಯೂ ಹೇಳುತ್ತದೆ.

ಮಾಡಬೇಕಾದ್ದು ಸರಳ. ಮಳೆಗೆ ಮುಂಚೆಯೇ ಕೆಲಸ ನಡೆಯುವ ಜಾಗ ನೋಡಿ. ಮಣ್ಣಿನ ರಾಶಿಗೆ ಟಾರ್ಪಾಲು ಹೊದಿಸಲು, ಇಳಿಜಾರಿನ ಕೆಳಗೆ ಮರಳು ಚೀಲ ಜೋಡಿಸಲು, ಹಳ್ಳದ ದಂಡೆಯ ಗಿಡ ಉಳಿಸಲು ಕೇಳಿ. ಅಲ್ಲಿ ದುಡಿಯುವ ಕೂಲಿಯವರ ಮೇಲೆ ಸಿಟ್ಟು ಬೇಡ. ಕೇಳಬೇಕಾದ್ದು ಗುತ್ತಿಗೆದಾರರನ್ನು, ಮಾಲೀಕರನ್ನು. ಕೇಳದಿದ್ದರೆ ದಿನಾಂಕ, ಜಾಗ ಬರೆದ ಫೋಟೊ ಸಮೇತ ಪಂಚಾಯಿತಿಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಅರ್ಜಿ ಕೊಡಿ.

ಇಂದಿನ ಅಭ್ಯಾಸ: ನಿಮ್ಮ ನಲ್ಲಿಯ ನೀರು ಎಲ್ಲಿಂದ ಬರುತ್ತದೆ? ಅದರ ಮೇಲ್ಭಾಗದಲ್ಲಿ ಏನು ಕಟ್ಟುತ್ತಿದ್ದಾರೆ? ತಿಳಿದುಕೊಂಡು ಗುಂಪಿನಲ್ಲಿ ಬರೆಯಿರಿ.

ಭವತು ಸಬ್ಬ ಮಂಗಲಂ.