ಅವರಲ್ಲಿದ್ದುದನ್ನು ಕಲಿತುಕೊಂಡೆವೇ?



ನಿಮ್ಮ ಮನೆಯಲ್ಲಿ ವಯಸ್ಸಾದ ತಾಯಿಯಿದ್ದಾರೆಯೇ? ಬಾಲ್ಯದಲ್ಲಿ ನಿಮಗೆ ಅಲಿಫ್, ಬೇ ಕಲಿಸಿದ ಗುರುಮಾತೆ ಇನ್ನೂ ಬದುಕಿದ್ದಾರೆಯೇ? ಇದ್ದರೆ, ಇದನ್ನು ಓದಿದ ಮೇಲೆ ಅರ್ಧ ಗಂಟೆ ಅವರ ಬಳಿ ಹೋಗಿ ಕುಳಿತುಕೊಳ್ಳಿ. ಕಾರಣವನ್ನು ಮುಂದೆ ಹೇಳುತ್ತೇನೆ.

ಹಝ್ರತ್ ಆಯಿಶಾ(ರ) ಅವರಿಗೆ ಮಕ್ಕಳಿರಲಿಲ್ಲ. ಆದರೂ ಅವರು ಸಕಲ ಸತ್ಯವಿಶ್ವಾಸಿಗಳ ಮಾತೆ. ಪ್ರವಾದಿಪತ್ನಿಯರಿಗೆ ಈ ಸ್ಥಾನ ಕೊಟ್ಟದ್ದು ಪವಿತ್ರ ಕುರ್‌ಆನ್ (ಅಲ್ ಅಹ್‌ಝಾಬ್: 6). ತಮ್ಮ ಮನೆಗಳಲ್ಲಿ ಓದಲಾಗುವ ದೇವವಚನಗಳನ್ನೂ ಯುಕ್ತಿಯ ಮಾತುಗಳನ್ನೂ ನೆನಪಿಡಬೇಕೆಂದು ಅದೇ ಅಧ್ಯಾಯದ 34ನೇ ವಚನ ಅವರಿಗೆ ಆದೇಶಿಸುತ್ತದೆ. ಆಯಿಶಾ(ರ) ಇದನ್ನು ಜೀವನವಿಡೀ ಪಾಲಿಸಿದರು. ಪ್ರವಾದಿವರ್ಯರು(ಸ) ನಿಧನರಾದದ್ದು ಹಿಜರಿ 11ರಲ್ಲಿ. ಆಯಿಶಾ(ರ) ನಿಧನರಾದದ್ದು ಹಿಜರಿ 58ರಲ್ಲಿ, ಅಂದರೆ ಕ್ರಿ.ಶ. 678ರಲ್ಲಿ. ನಡುವಿನ 47 ವರ್ಷ ಅವರ ಕೋಣೆಯೇ ಒಂದು ಪಾಠಶಾಲೆಯಾಗಿತ್ತು. ಅವರಿಂದ ವರದಿಯಾದ ಹದೀಸ್‌ಗಳ ಸಂಖ್ಯೆ 2210. ಹಿರಿಯ ಸಹಾಬಿಗಳು ಕೂಡ ಸಂದೇಹ ಬಂದಾಗ ಅವರ ಬಾಗಿಲಿಗೆ ಹೋಗುತ್ತಿದ್ದರು.

ಅವರ ಕೈಯೂ ಅಷ್ಟೇ ಧಾರಾಳ. ಒಮ್ಮೆ ಭಿಕ್ಷೆ ಬೇಡುತ್ತಾ ಬಂದ ಒಬ್ಬ ತಾಯಿಗೆ ಕೊಡಲು ಮನೆಯಲ್ಲಿದ್ದದ್ದು ಒಂದೇ ಖರ್ಜೂರ. ಅದನ್ನೇ ಕೊಟ್ಟುಬಿಟ್ಟರು. ಆ ತಾಯಿ ಅದನ್ನು ಎರಡು ಹೋಳು ಮಾಡಿ ಇಬ್ಬರು ಹೆಣ್ಣುಮಕ್ಕಳಿಗೆ ಕೊಟ್ಟಳು, ತಾನು ತಿನ್ನಲಿಲ್ಲ. ಮುಂದೆ ಒಂದು ಲಕ್ಷ ದಿರ್ಹಮ್ ಬಂದಾಗಲೂ ಆಯಿಶಾ(ರ) ಸಂಜೆಯೊಳಗೆ ಎಲ್ಲವನ್ನೂ ಹಂಚಿದರು. ಅಂದು ಅವರಿಗೆ ಉಪವಾಸವಿತ್ತು. ಇಫ್ತಾರಿಗೆಂದು ಒಂದು ದಿರ್ಹಮ್ ಕೂಡ ಉಳಿಸಿರಲಿಲ್ಲ. ಸೇವಕಿ ಅದನ್ನು ಹೇಳಿದಾಗ, ಮೊದಲೇ ನೆನಪಿಸಿದ್ದರೆ ಇಟ್ಟುಕೊಳ್ಳುತ್ತಿದ್ದೆನಲ್ಲ ಎಂದಷ್ಟೇ ಹೇಳಿದರು.

ಅವರ ಜ್ಞಾನ ನಮ್ಮವರೆಗೆ ತಲುಪಿದ್ದು ಹೇಗೆ? ಕೇಳಿ ಕಲಿಯುವವರು ಇದ್ದುದರಿಂದ. ಸೋದರಿಯ ಮಗ ಉರ್ವಾ, ಸೋದರನ ಮಗ ಕಾಸಿಮ್, ಅವರ ಆಶ್ರಯದಲ್ಲಿ ಬೆಳೆದ ಅಮ್ರಾ ಇವರೆಲ್ಲ ಅವರ ಶಿಷ್ಯರು. ಮುಂದೆ ಖಲೀಫ ಉಮರ್ ಬಿನ್ ಅಬ್ದುಲ್ ಅಝೀಝ್ ಹದೀಸ್‌ಗಳನ್ನು ಬರೆದಿಡಲು ಆಜ್ಞಾಪಿಸಿದಾಗ ಅಮ್ರಾ ಅವರ ವರದಿಗಳನ್ನು ಹೆಸರಿಸಿಯೇ ಕೇಳಿದರು. ಉರ್ವಾ ಅವರ ಮಾತಂತೂ ನನ್ನನ್ನು ಚುಚ್ಚುತ್ತಲೇ ಇರುತ್ತದೆ. ಆಯಿಶಾ(ರ) ಇಂದು ತೀರಿಹೋದರೂ ಅವರಲ್ಲಿದ್ದ ಯಾವ ಹದೀಸ್‌ಗಾಗಿಯೂ ನಾನು ಪರಿತಪಿಸಬೇಕಾಗಿಲ್ಲ, ಎಲ್ಲವನ್ನೂ ಕಲಿತುಕೊಂಡಿದ್ದೇನೆ ಎಂದು ಅವರ ಮರಣಕ್ಕೆ ನಾಲ್ಕೈದು ವರ್ಷ ಮೊದಲೇ ಉರ್ವಾ ಹೇಳಬಲ್ಲವರಾಗಿದ್ದರು.

ನಾನು ಹಾಗೆ ಹೇಳಲಾರೆ.

ನಾನು ಹುಟ್ಟಿದ್ದು ತಿ. ನರಸೀಪುರದಲ್ಲಿ; ಈಗ ಮಕ್ಕಳಿಗೆ ಪಾಠ ಹೇಳುತ್ತಿರುವುದು ನಂಜನಗೂಡಿನಲ್ಲಿ. ನಂಜನಗೂಡನ್ನು ಹಾದುಹೋಗುವ ಕಪಿಲೆ ಕಾವೇರಿಯನ್ನು ಸೇರುವುದು ನಮ್ಮೂರಿನಲ್ಲೇ. ದೂರ ಹೆಚ್ಚೇನಿಲ್ಲ, ಬಸ್ಸುಗಳಿಗೂ ಕೊರತೆಯಿಲ್ಲ. ನನಗೆ ಕಾಯಿದಾ ಕಲಿಸಿದವರನ್ನು ಮೊಹಲ್ಲಾದ ಮಕ್ಕಳೆಲ್ಲ ‘ಅಮ್ಮಾಜಾನ್’ ಎನ್ನುತ್ತಿದ್ದೆವು. ಎಳೆಯ ವಯಸ್ಸಿನಲ್ಲೇ ವಿಧವೆಯಾದವರು, ಸ್ವಂತ ಮಕ್ಕಳಿಲ್ಲ. ತೊಂಬತ್ತು ದಾಟುವವರೆಗೂ ಜಗಲಿಯ ಮೇಲೆ ಚಾಪೆ ಹಾಸಿ ಕಲಿಸಿದರು. ಫೀಸು ಎಂಬುದೇ ಇರಲಿಲ್ಲ. ಯಾರಾದರೂ ರಸಬಾಳೆ ತಂದುಕೊಟ್ಟರೆ ಒಂದೊಂದು ಹಣ್ಣನ್ನೂ ಮೂರು ತುಂಡು ಮಾಡಿ ನಮಗೇ ಹಂಚುತ್ತಿದ್ದರು. ಪ್ರತಿ ಮನೆಯಲ್ಲೂ ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿ ತೆಗೆದಿಡಬೇಕು, ಗುರುವಾರ ಮಕ್ಕಳು ಅದನ್ನು ತರಬೇಕು. ಅದು ಅವರ ಕಟ್ಟಳೆ. ಡಬ್ಬ ತುಂಬುತ್ತಿತ್ತು, ಖಾಲಿಯಾಗುತ್ತಿತ್ತು. ಯಾರ ಮನೆಗೆ ಹೋಗುತ್ತದೆಂದು ಯಾರಿಗೂ ತಿಳಿಯದು. ಒಮ್ಮೆ ಕೇಳಿದ್ದಕ್ಕೆ, “ಬರೆದಿಟ್ಟರೆ ಯಾರಾದರೂ ಓದುತ್ತಾರೆ ಬೇಟಾ, ಪಡೆಯುವವರ ಮಾನ ಹೋಗುತ್ತದೆ” ಎಂದಿದ್ದರು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ಹದೀಸನ್ನು ನಾನು ಅವರ ಬದುಕಿನಲ್ಲಿ ಓದಿದೆ.

ಕಡೆಯ ವರ್ಷ ಅವರು ಎರಡು ಸಲ ಹೇಳಿಕಳಿಸಿದರು: “ಬಂದು ಸ್ವಲ್ಪ ಹೊತ್ತು ಕೂತುಕೋ, ಹೇಳುವುದಿದೆ.” ಎರಡು ಸಲವೂ ‘ಮುಂದಿನ ಶುಕ್ರವಾರ’ ಎಂದೆ. ಮೊದಲು ಪರೀಕ್ಷೆಯ ಉತ್ತರಪತ್ರಿಕೆಗಳಿದ್ದವು. ಆಮೇಲೆ ಏನಿತ್ತೋ, ಈಗ ನೆನಪಿಲ್ಲ. ಮೂರನೆಯ ಸಲ ಬಂದದ್ದು ಅವರ ಮರಣದ ಸುದ್ದಿ. ಇನ್ನಾ ಲಿಲ್ಲಾಹಿ ವ ಇನ್ನಾ ಇಲೈಹಿ ರಾಜಿಊನ್.

ಜನಾಝದಲ್ಲಿ ಊರೇ ಸೇರಿತ್ತು. ಎಲ್ಲರೂ ಹೊಗಳಿದೆವು, ಅತ್ತೆವು, ಮನೆಗಳಿಗೆ ಹೋದೆವು. ಎರಡನೆಯ ತಿಂಗಳು, ಪಕ್ಕದ ಮನೆಯ ಹುಡುಗಿಯೊಬ್ಬಳು ನನಗೆ ಒಂದು ವಿಷಯ ಹೇಳಿದಳು. ಮಗ್ರಿಬ್ ಹೊತ್ತಿನಲ್ಲಿ ಒಬ್ಬ ಹೆಂಗಸು ಬಂದು, ಹಿತ್ತಲ ಬಾಗಿಲಿಗೆ ಬೀಗ ಕಂಡು ಹಿಂದಿರುಗಿದರಂತೆ. ಆ ಹುಡುಗಿಯನ್ನೇ ಕರೆದುಕೊಂಡು ಹುಡುಕಿದೆ. ನಾಲ್ಕು ಮನೆ ಸಿಕ್ಕಿತು. “ಅಮ್ಮಾಜಾನ್ ಹೋದ ಮೇಲೆ ಯಾರನ್ನು ಕೇಳುವುದು ಎಂದು ಸುಮ್ಮನಾದೆವು” ಎಂದರು ಒಂದು ಮನೆಯವರು. ಈಗ ಆ ನಾಲ್ಕು ಮನೆಗಳಿಗೆ ಅಕ್ಕಿ ತಲುಪುತ್ತಿದೆ. ಐದನೆಯದು, ಆರನೆಯದು ಇದ್ದವೇ? ಅದನ್ನು ಅಲ್ಲಾಹನೇ ಬಲ್ಲನು. ನನಗೆ ಹೇಳಬೇಕೆಂದಿದ್ದವರು ಹೇಳಲಾಗದೆ ಹೋದರು.

ಓದುಗರೇ, ತಾಯಂದಿರನ್ನು ಸ್ಮರಿಸುವುದೆಂದರೆ ಅವರ ಗುಣಗಾನ ಮಾಡುವುದಷ್ಟೇ ಅಲ್ಲ. ಮನುಷ್ಯನ ಮರಣಾನಂತರವೂ ಮುಂದುವರಿಯುವ ಮೂರು ಕರ್ಮಗಳನ್ನು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ: ನಿರಂತರ ದಾನ, ಪ್ರಯೋಜನಕಾರಿ ಜ್ಞಾನ, ಪ್ರಾರ್ಥಿಸುವ ಸಜ್ಜನ ಸಂತಾನ. ಮೊದಲಿನ ಎರಡಕ್ಕೆ ಕೊಂಡಿ ಕಳಚದಂತೆ ನೋಡಿಕೊಳ್ಳುವುದು ಬದುಕಿರುವವರ ಕೆಲಸ.

ಆದ್ದರಿಂದ ಇಂದೇ ಹೋಗಿ ಕೇಳಿ: ಯಾರಿಗೆ ಕೊಡುತ್ತಿದ್ದೀರಿ? ಯಾರ ಸಾಲ, ಯಾರ ಅಮಾನತ್ತು ನಿಮ್ಮಲ್ಲಿದೆ? ತೀರಿಸದೆ ಉಳಿದ ಹರಕೆ, ಉಪವಾಸಗಳಿವೆಯೇ? ನಮಗಿನ್ನೂ ಕಲಿಸದ ದುಆ ಯಾವುದು? ಮಾನದ ವಿಷಯವಾದರೆ ಕಾಗದದಲ್ಲಿ ಬರೆಯಬೇಡಿ, ಮನಸ್ಸಿನಲ್ಲಿಟ್ಟುಕೊಳ್ಳಿ. ಒಬ್ಬ ನಂಬಿಗಸ್ತರಿಗೆ ಮಾತ್ರ ತಿಳಿಸಿ.

ತಾಯಿ ಈಗಾಗಲೇ ಅಗಲಿದ್ದರೆ ನಿರಾಶರಾಗಬೇಡಿ. ಹಠಾತ್ತಾಗಿ ತೀರಿಹೋದ ತನ್ನ ತಾಯಿಯ ಪರವಾಗಿ ದಾನ ಕೊಟ್ಟರೆ ಆಕೆಗೆ ಪ್ರತಿಫಲ ಸಿಗುವುದೇ ಎಂದು ಒಬ್ಬರು ಪ್ರವಾದಿವರ್ಯರ(ಸ) ಬಳಿ ಕೇಳಿದರು. ಹೌದು ಎಂದು ಉತ್ತರ ಬಂತು. ಈ ಹದೀಸನ್ನು ನಮಗೆ ತಲುಪಿಸಿದವರೂ ಆ ಮಾತೆ ಆಯಿಶಾ(ರ) ಅವರೇ.

ಅಲ್ಲಾಹನು ಅಮ್ಮಾಜಾನರ ತಪ್ಪುಗಳನ್ನು ಮನ್ನಿಸಲಿ, ನನ್ನ ಆ ಎರಡು ಶುಕ್ರವಾರಗಳನ್ನೂ ಕ್ಷಮಿಸಲಿ. ಆಮೀನ್.