ಯೂನಿಟ್‌ಗೆ ಎಷ್ಟು ಕಿಲೋಮೀಟರ್?

ಪ್ರಶ್ನೆ: ಎಲೆಕ್ಟ್ರಿಕ್ ಕಾರು ಕೊಂಡಿದ್ದೇನೆ. ಷೋರೂಮಿನಲ್ಲಿ ಹೇಳಿದಷ್ಟು ರೇಂಜ್ ಹೆದ್ದಾರಿಯಲ್ಲಿ ಬರುತ್ತಿಲ್ಲ. ಬ್ಯಾಟರಿಯಲ್ಲೇ ದೋಷವಿದೆಯೇ? ನಿಜವಾದ ಲೆಕ್ಕ ತಿಳಿಯುವುದು ಹೇಗೆ?
– ಓದುಗರು, ಹಾಸನ

ಉತ್ತರ: ಸದ್ಯಕ್ಕೆ ಬ್ಯಾಟರಿಯ ಮೇಲೆ ಅನುಮಾನ ಬೇಡ. ಷೋರೂಮಿನವರು ಹೇಳುವ ಅಂಕಿ ಹುಟ್ಟುವುದು ಪುಣೆಯ ಎಆರ್‌ಎಐಯಂಥ ಪರೀಕ್ಷಾ ಕೇಂದ್ರಗಳ ರೋಲರ್ ಮೇಲೆ. ಕಾರು ನಿಂತಲ್ಲೇ ಇರುತ್ತದೆ, ಚಕ್ರ ಮಾತ್ರ ತಿರುಗುತ್ತದೆ, ಎಸಿ ಬಂದ್. ಎಂಐಡಿಸಿ ಎಂಬ ನಮ್ಮ ದೇಶದ ಈ ಪರೀಕ್ಷೆಗೆ ಎರಡು ಭಾಗ. ನಗರದ ಭಾಗದಲ್ಲಿ ವೇಗ ಗಂಟೆಗೆ 50 ಕಿ.ಮೀ. ದಾಟುವುದಿಲ್ಲ, ಸರಾಸರಿ 19ರ ಆಸುಪಾಸು. ಊರಾಚೆಯ ಭಾಗದಲ್ಲೂ ಮಿತಿ 90. ಮೊದಲೆಲ್ಲ ಜಾಹೀರಾತಿಗೆ ಬರುತ್ತಿದ್ದದ್ದು ನಗರದ ಭಾಗದ ಅಂಕಿ. 2024ರಲ್ಲಿ ಎರಡನ್ನೂ ಸೇರಿಸಿ ಹೇಳತೊಡಗಿದಾಗ, ಚಿಕ್ಕ ಬ್ಯಾಟರಿಯ ನೆಕ್ಸಾನ್‌ನ 325 ಕಿ.ಮೀ. 275ಕ್ಕೆ ಇಳಿಯಿತು. ಕಾರೂ ಅದೇ, ಬ್ಯಾಟರಿಯೂ ಅದೇ!

ನಗರಕ್ಕಿಂತ ಹೆದ್ದಾರಿಯಲ್ಲಿ ರೇಂಜ್ ಕಡಿಮೆ ಬರುವುದು ಪೆಟ್ರೋಲ್ ಕಾರು ಓಡಿಸಿದವರಿಗೆ ತಿರುಗುಮುರುಗು ಅನ್ನಿಸುತ್ತದೆ. ಎಲೆಕ್ಟ್ರಿಕ್ ಕಾರು ಸಿಗ್ನಲ್‌ನಲ್ಲಿ ನಿಂತರೆ ಮೋಟಾರಿಗೆ ಖರ್ಚಿಲ್ಲ, ನಿಧಾನಿಸಿದಾಗ ಒಂದಷ್ಟು ವಿದ್ಯುತ್ ವಾಪಸ್ಸು ಬರುತ್ತದೆ. ಹೆದ್ದಾರಿಯಲ್ಲಿ ಅದನ್ನು ಸುಸ್ತು ಮಾಡುವುದು ಗಾಳಿ. ವೇಗ 80ರಿಂದ 110ಕ್ಕೆ ಏರಿದರೆ ಗಾಳಿಯ ತಡೆ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ.

ನನ್ನ ಕೇಳಿದರೆ, ರೇಂಜ್ ಬದಲು ಯೂನಿಟ್‌ಗೆ ಎಷ್ಟು ಕಿ.ಮೀ. ಎಂದು ನೋಡಿ. ಪೂರ್ತಿ ಚಾರ್ಜ್ ಮಾಡಿ, ಟ್ರಿಪ್ ಮೀಟರ್ ಸೊನ್ನೆಗೆ ತಂದು, ಮಾಮೂಲಿ ದಾರಿಯಲ್ಲಿ ಎಸಿ ಹಾಕಿಕೊಂಡೇ ಓಡಾಡಿ. ಮತ್ತೆ ಪೂರ್ತಿ ಚಾರ್ಜ್ ಆಗುವಷ್ಟರಲ್ಲಿ ಚಾರ್ಜರ್ ಲೈನಿನ ಸಬ್‌ಮೀಟರ್ ಎಷ್ಟು ಓಡಿತು ಎಂದು ಬರೆದುಕೊಳ್ಳಿ. 150 ಕಿ.ಮೀ.ಗೆ 25 ಯೂನಿಟ್ ಆದರೆ, ಯೂನಿಟ್‌ಗೆ 6 ಕಿ.ಮೀ. ಡ್ಯಾಶ್‌ಬೋರ್ಡ್ ಇದಕ್ಕಿಂತ ಚೆಂದದ ಲೆಕ್ಕ ತೋರಿಸುತ್ತದೆ, ಏಕೆಂದರೆ ಅದು ಎಣಿಸುವುದು ಬ್ಯಾಟರಿಯಿಂದ ಹೊರಟದ್ದನ್ನು ಮಾತ್ರ. ಗೋಡೆಯ ಪ್ಲಗ್ಗಿನಿಂದ ಬ್ಯಾಟರಿ ಸೇರುವಷ್ಟರಲ್ಲಿ ಸುಮಾರು ಹತ್ತರಲ್ಲೊಂದು ಪಾಲು ಬಿಸಿಯಾಗಿ ಹೋಗುತ್ತದೆ. ಅದಕ್ಕೂ ಬಿಲ್ಲು ಕಟ್ಟುವವರು ನೀವೇ. ಖರ್ಚು ತಿಳಿಯಲು ಸಬ್‌ಮೀಟರಿನ ಲೆಕ್ಕ, ಎಷ್ಟು ದೂರ ಹೋಗಬಹುದೆಂದು ಅಂದಾಜಿಸಲು ಡ್ಯಾಶ್‌ಬೋರ್ಡಿನದು.

ಹಾಸನದವರಾದ್ದರಿಂದ ಇನ್ನೊಂದು ಮಾತು. ನಿಮ್ಮ ಊರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. 1,600 ಕಿಲೋ ತೂಗುವ ಕಾರನ್ನು ಮಂಗಳೂರಿನಿಂದ ಅಲ್ಲಿಗೆ ಹತ್ತಿಸುವುದಕ್ಕೇ 4 ಯೂನಿಟ್ ಹೆಚ್ಚುವರಿ ಬೇಕು. ಶಿರಾಡಿ ಇಳಿಯುವಾಗ ಅದರಲ್ಲಿ ಸ್ವಲ್ಪ ವಾಪಸ್ಸು ಸಿಗುತ್ತದೆ, ಆದರೆ ಸಕಲೇಶಪುರದಲ್ಲಿ ಬ್ಯಾಟರಿ ಪೂರ್ತಿ ತುಂಬಿಸಿಕೊಂಡು ಹೊರಟಿದ್ದರೆ ಹಿಡಿದಿಡಲು ಜಾಗವೇ ಇರುವುದಿಲ್ಲ. ಘಾಟಿ ಇಳಿದ ಲೆಕ್ಕವೊಂದನ್ನೇ ನೋಡಿ ಹಿಗ್ಗಬೇಡಿ. ಹೋಗಿದ್ದು, ಬಂದದ್ದು ಎರಡನ್ನೂ ಕೂಡಿಸಿ ಭಾಗಿಸಿ.