ಆಡು ಮುಟ್ಟದ ಸೊಪ್ಪು, ಆಳು ಮುಟ್ಟಿದಾಗ

‘ಆಡು ಮುಟ್ಟದ ಸೊಪ್ಪಿಲ್ಲ’ ಎಂಬುದು ಹಿರಿಯರ ಮಾತು. ಆದರೆ ನಮ್ಮ ಹುಣಸೂರು, ಪಿರಿಯಾಪಟ್ಟಣದ ಕಡೆ ಆಡು ಮೇಯಿಸುವವರನ್ನು ಕೇಳಿ ನೋಡಿ. ಆಡು ಬಾಯಿ ಹಾಕದ ಎರಡು ಸೊಪ್ಪುಗಳ ಹೆಸರನ್ನು ಅವರು ಥಟ್ಟನೆ ಹೇಳುತ್ತಾರೆ. ಒಂದು ನೀಲಗಿರಿ, ಇನ್ನೊಂದು ಹೊಗೆಸೊಪ್ಪು. ಹಸಿದ ಆಡು ಕೂಡ ಸಾಮಾನ್ಯವಾಗಿ ಇವನ್ನು ಮೂಸಿ ಮುಂದಕ್ಕೆ ಹೋಗುತ್ತದೆ.

ಕಾರಣ ಸರಳ. ಗಿಡಕ್ಕೆ ಓಡಿಹೋಗಲು ಕಾಲಿಲ್ಲ, ತಿವಿಯಲು ಕೊಂಬಿಲ್ಲ. ಆದ್ದರಿಂದ ಅದು ತನ್ನ ಎಲೆಯಲ್ಲಿಯೇ ವಿಷವನ್ನು ತುಂಬಿಕೊಂಡು ತನ್ನನ್ನು ಕಾಪಾಡಿಕೊಳ್ಳುತ್ತದೆ. ನೀಲಗಿರಿಯಲ್ಲಿ ಆ ಕೆಲಸ ಮಾಡುವುದು ಘಾಟು ವಾಸನೆಯ ಎಣ್ಣೆ ಮತ್ತು ಒಗರು ಪದಾರ್ಥಗಳು. ಹೊಗೆಸೊಪ್ಪಿನಲ್ಲಿ ನಿಕೋಟಿನ್.

ವಿಷವನ್ನೇ ಉಣ್ಣುವ ಪ್ರಾಣಿ

ಆಸ್ಟ್ರೇಲಿಯಾದ ಕೊಆಲಾ ಎಂಬ ಪ್ರಾಣಿಯ ಚಿತ್ರವನ್ನು ನಿಮ್ಮ ಮಕ್ಕಳು ಪುಸ್ತಕದಲ್ಲಿ ನೋಡಿರಬಹುದು. ಕರಡಿ ಮರಿಯಂತೆ ಕಾಣುವ ಇದರ ಊಟವೆಂದರೆ ಹೆಚ್ಚುಕಡಿಮೆ ನೀಲಗಿರಿ ಎಲೆ ಮಾತ್ರ. ದಿನಕ್ಕೆ ಅರ್ಧ ಕಿಲೋಗೂ ಹೆಚ್ಚು ಎಲೆ ತಿಂದು ಇದು ಬದುಕುವುದು ಹೇಗೆ?

ಮೊದಲನೆಯದಾಗಿ, ಕೊಆಲಾ ಸಿಕ್ಕಿದ ಎಲೆಯನ್ನೆಲ್ಲಾ ತಿನ್ನುವುದಿಲ್ಲ. ಮೂಸಿ ನೋಡಿ ಆರಿಸಿಕೊಳ್ಳುತ್ತದೆ. ಎರಡನೆಯದಾಗಿ, ಅದರ ಪಿತ್ತಜನಕಾಂಗದಲ್ಲಿ ವಿಷವನ್ನು ಒಡೆಯುವ ಕಿಣ್ವಗಳು ಹೇರಳವಾಗಿವೆ. 2018ರಲ್ಲಿ ಕೊಆಲಾದ ವಂಶವಾಹಿಗಳ ಪೂರ್ಣ ನಕ್ಷೆ ಪ್ರಕಟವಾದಾಗ, ಇಂಥ ಕಿಣ್ವಗಳ ಒಂದು ಗುಂಪು ಅದರಲ್ಲಿ ಬಹಳವಾಗಿ ಬೆಳೆದಿರುವುದು ಕಂಡುಬಂತು. ಅದೇ ಕಾರಣದಿಂದ ಕಾಯಿಲೆಬಿದ್ದ ಕೊಆಲಾಗೆ ಕೊಟ್ಟ ಕೆಲವು ಔಷಧಿಗಳೂ ಬೇಗ ಕರಗಿಹೋಗಿ ಕೆಲಸ ಮಾಡದೆ ಪಶುವೈದ್ಯರಿಗೆ ತಲೆನೋವಾಗುತ್ತದೆ. ಮೂರನೆಯದಾಗಿ, ಅದರ ಕರುಳಿನ ಒಂದು ಭಾಗ ಸುಮಾರು 2 ಮೀಟರ್ ಉದ್ದದ ಚೀಲದಂತಿದ್ದು, ಅಲ್ಲಿನ ಸೂಕ್ಷ್ಮಜೀವಿಗಳು ಎಲೆಯನ್ನು ಕೊಳೆಯಿಸಿ ಜೀರ್ಣಿಸುತ್ತವೆ. ಮರಿಗೆ ಈ ಜೀವಿಗಳು ಹುಟ್ಟಿನಿಂದ ಬರುವುದಿಲ್ಲ. ತಾಯಿ ವಿಸರ್ಜಿಸುವ ಒಂದು ಬಗೆಯ ಮೆತ್ತನೆಯ ಮಲವನ್ನು ತಿಂದು ಮರಿ ಅವನ್ನು ಪಡೆಯುತ್ತದೆ!

ಕೊಆಲಾ ದಿನಕ್ಕೆ 18ರಿಂದ 20 ಗಂಟೆ ನಿದ್ರಿಸುವುದು ಎಲೆಯ ಅಮಲಿನಿಂದ ಎಂದು ಹೇಳುವುದುಂಟು. ಅದು ನಿಜವಲ್ಲ. ಎಲೆಯಲ್ಲಿ ಪೌಷ್ಟಿಕಾಂಶ ಕಡಿಮೆ. ಸಿಕ್ಕ ಅಲ್ಪ ಶಕ್ತಿಯನ್ನು ಉಳಿಸಲು ಅದು ಮಲಗಿರುತ್ತದೆ.

ಹೊಗೆಸೊಪ್ಪಿಗೂ ಅದರದೇ ಗಿರಾಕಿಗಳಿದ್ದಾರೆ. ನಮ್ಮ ಸಸಿಮಡಿಗಳಲ್ಲಿ ಎಲೆಯನ್ನು ಜರಡಿ ಮಾಡುವ ಸ್ಪೊಡಾಪ್ಟೆರಾ ಹುಳುವನ್ನು ರೈತರಿಗೆ ಪರಿಚಯಿಸಬೇಕಿಲ್ಲ. ಅಮೆರಿಕದ ಇನ್ನೊಂದು ಹೊಗೆಸೊಪ್ಪಿನ ಹುಳು ತಿಂದ ನಿಕೋಟಿನ್ನಿನ ಬಹುಪಾಲನ್ನು ಬೇಗನೆ ಹೊರಹಾಕುತ್ತದೆ. ಸ್ವಲ್ಪವನ್ನು ಉಸಿರಾಟದ ರಂಧ್ರಗಳಿಂದ ಹೊರಬಿಟ್ಟು ಜೇಡವನ್ನು ಓಡಿಸುತ್ತದೆ ಎಂದು 2014ರಲ್ಲಿ ವಿಜ್ಞಾನಿಗಳು ತೋರಿಸಿದರು.

ಹುಳುವಿಗಿರುವ ಈ ಅನುಕೂಲ ಮನುಷ್ಯನಿಗಿದೆಯೇ? ಇಂದಿನ ಲೇಖನದ ಮುಖ್ಯ ಪ್ರಶ್ನೆ ಇದೇ.

ಒಂದು ಸಂಜೆ

ಆಗಸ್ಟ್ ತಿಂಗಳ ಒಂದು ಸಂಜೆ ಸುಮಾರು 35 ವರ್ಷದ ಹೆಣ್ಣುಮಗಳನ್ನು ಮನೆಯವರು ಕರೆತಂದರು. ಮಧ್ಯಾಹ್ನದಿಂದ ವಾಂತಿ, ತಲೆಸುತ್ತು, ಹೊಟ್ಟೆ ಹಿಂಡುವ ನೋವು. ಮುಖ ಬಿಳಿಚಿಕೊಂಡು ಮೈಯೆಲ್ಲಾ ತಣ್ಣನೆ ಬೆವೆತಿತ್ತು. ಜ್ವರವಿರಲಿಲ್ಲ. ರಾತ್ರಿಯ ಸಾರು ಕೆಟ್ಟಿತ್ತೇನೋ ಎಂದು ಗಂಡ, ದೃಷ್ಟಿಯಾಗಿದೆ ಎಂದು ಅತ್ತೆ.

‘ಬೆಳಿಗ್ಗೆ ಏನು ಕೆಲಸ ಮಾಡಿದೆಯಮ್ಮ?’ ಎಂದೆ.

‘ಆರು ಗಂಟೆಗೇ ಸೊಪ್ಪು ಮುರಿಯೋಕೆ ಹೋಗಿದ್ದೆ ಸಾರ್. ಬ್ಯಾರನ್ ತುಂಬಬೇಕಿತ್ತಲ್ಲ. ಸೋನೆ ಮಳೇಲಿ ಸೀರೆ ಮೇಲೆ ಹಾಕಿದ್ದ ಶರ್ಟೆಲ್ಲಾ ನೆಂದೋಯ್ತು.’

ಕಾಯಿಲೆಯ ಮೂಲ ಅಲ್ಲಿಯೇ ಸಿಕ್ಕಿತು. ಇದಕ್ಕೆ ಹಸಿ ಹೊಗೆಸೊಪ್ಪಿನ ಕಾಯಿಲೆ ಎನ್ನಬಹುದು. 1970ರಲ್ಲಿ ಅಮೆರಿಕದ ಫ್ಲಾರಿಡಾದ ವೈದ್ಯರು ಇದನ್ನು ಮೊದಲು ವರದಿ ಮಾಡಿದರು. ನಮ್ಮ ದೇಶದಲ್ಲಿ ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯ ತಜ್ಞರು ಹೊಗೆಸೊಪ್ಪಿನ ಕೂಲಿಕಾರರಲ್ಲಿ ಇದನ್ನು ಅಧ್ಯಯನ ಮಾಡಿದ್ದಾರೆ. ಕರ್ನಾಟಕದ ವರ್ಜೀನಿಯಾ ಹೊಗೆಸೊಪ್ಪಿನ ಬಹುಪಾಲು ಬೆಳೆಯುವುದು ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ, ಕೆ.ಆರ್. ನಗರಗಳ ಸುತ್ತಮುತ್ತ. ಅದೂ ಮಳೆಗಾಲದಲ್ಲಿ. ಆದ್ದರಿಂದ ಇದು ನಮ್ಮ ಮನೆಬಾಗಿಲಿನ ಕಾಯಿಲೆ.

ಚರ್ಮದ ದಾರಿಗೆ ಕಾವಲಿಲ್ಲ

ನಿಕೋಟಿನ್ ನೀರಿನಲ್ಲಿ ಕರಗುತ್ತದೆ, ಚರ್ಮದ ಮೂಲಕವೂ ಇಳಿಯುತ್ತದೆ. ಎಲೆಯ ಮೇಲಿನ 100 ಮಿಲಿಲೀಟರ್ ಇಬ್ಬನಿಯಲ್ಲಿ 9 ಮಿಲಿಗ್ರಾಂವರೆಗೂ ನಿಕೋಟಿನ್ ಇರಬಹುದು. ಆರು ಸಿಗರೇಟು ಸೇದಿದರೆ ರಕ್ತಕ್ಕೆ ಸೇರುವ ಪ್ರಮಾಣಕ್ಕೆ ಇದು ಸುಮಾರಾಗಿ ಸಮ. ಒದ್ದೆಬಟ್ಟೆ ಮೈಗಂಟಿದಾಗ, ಸೊಪ್ಪನ್ನು ಕಂಕುಳಲ್ಲಿ ಅವುಚಿಕೊಂಡು ಸಾಗಿಸುವಾಗ, ಕೈಯಲ್ಲಿ ಗಾಯವಿದ್ದಾಗ ಅದು ಇನ್ನೂ ಸುಲಭವಾಗಿ ಒಳಸೇರುತ್ತದೆ.

ನಮ್ಮ ಪಿತ್ತಜನಕಾಂಗಕ್ಕೂ ನಿಕೋಟಿನ್ ಒಡೆಯುವ ಶಕ್ತಿಯಿದೆ. ರಕ್ತದಲ್ಲಿರುವುದು ಸುಮಾರು 2 ಗಂಟೆಗೊಮ್ಮೆ ಅರ್ಧಕ್ಕಿಳಿಯುತ್ತದೆ. ಆದರೆ ಹೊಟ್ಟೆಗೆ ಹೋದದ್ದು ಮೊದಲು ಪಿತ್ತಜನಕಾಂಗದ ಕಾವಲು ದಾಟಿ ಹೋಗಬೇಕು. ಚರ್ಮದಿಂದ ಇಳಿದದ್ದು ನೇರವಾಗಿ ರಕ್ತಕ್ಕೆ ಸೇರಿ ನರಗಳನ್ನು ತಟ್ಟುತ್ತದೆ. ಮಡಕೆಯ ತಳದಲ್ಲಿ ತೂತಿದ್ದರೂ ಮೇಲಿನಿಂದ ನೀರು ಸುರಿಯುತ್ತಲೇ ಇದ್ದರೆ ಅದು ತುಂಬುವುದಿಲ್ಲವೇ? ಹಾಗೆಯೇ ಇದು.

ವಾಕರಿಕೆ, ವಾಂತಿ, ತಲೆನೋವು, ತಲೆಸುತ್ತು, ಜೊಲ್ಲು ಸುರಿಯುವುದು, ಸುಸ್ತು ಮುಖ್ಯ ಲಕ್ಷಣಗಳು. ಕೆಲಸ ಮಾಡಿದ ಕೆಲವು ಗಂಟೆಗಳ ನಂತರ, ಒಮ್ಮೊಮ್ಮೆ ರಾತ್ರಿ ಮಲಗಿದ ಮೇಲೆ ಶುರುವಾಗುತ್ತವೆ. ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ಕಡಿಮೆಯಾಗುತ್ತವೆ. ಕೀಟನಾಶಕದ ವಿಷದಲ್ಲಿಯೂ ಹೀಗೆಯೇ ಆಗಬಹುದು. ಅದು ಪ್ರಾಣಾಪಾಯದ ವಿಷಯ, ಚಿಕಿತ್ಸೆಯೂ ಬೇರೆ. ಆದ್ದರಿಂದ ಸೊಪ್ಪು ಮುರಿದಿದ್ದನ್ನೂ, ಹೊಲಕ್ಕೆ ಯಾವ ಔಷಧಿ ಯಾವಾಗ ಹೊಡೆದಿತ್ತೆಂಬುದನ್ನೂ ವೈದ್ಯರಿಗೆ ಮರೆಯದೆ ತಿಳಿಸಿ.

ಬೀಡಿ ಸೇದುವವರಿಗೆ, ಎಲೆಅಡಿಕೆಯೊಂದಿಗೆ ಹೊಗೆಸೊಪ್ಪು ಹಾಕುವವರಿಗೆ ಈ ಕಾಯಿಲೆ ಕಡಿಮೆ. ‘ಹಾಗಾದರೆ ನಾವೂ ಅಭ್ಯಾಸ ಮಾಡಿಕೊಳ್ಳೋಣ’ ಎನ್ನಬೇಡಿ. ದೇಹ ವಿಷಕ್ಕೆ ಒಗ್ಗಿದೆ, ಅಷ್ಟೆ. ಬಾಯಿಯ ಕ್ಯಾನ್ಸರಿಗೆ ಒಗ್ಗುವ ದೇಹ ಯಾರಿಗೂ ಇಲ್ಲ.

ನೀವು ಮಾಡಬೇಕಾದುದು

1. ಸಾಧ್ಯವಾದಷ್ಟೂ ಇಬ್ಬನಿ, ಮಳೆನೀರು ಆರಿದ ಮೇಲೆ ಸೊಪ್ಪು ಮುರಿಯಿರಿ.

2. ಬ್ಯಾರನ್ ತುಂಬುವ ದಿನ ಮಳೆ ನಿಲ್ಲದಿದ್ದರೆ ಪ್ಲಾಸ್ಟಿಕ್ ಹೊದಿಕೆ, ತುಂಬುತೋಳಿನ ಅಂಗಿ, ರಬ್ಬರ್ ಕೈಗವಸು ಇರಲಿ. ಬಟ್ಟೆಯ ಕೈಗವಸು ನೆಂದರೆ ಇನ್ನೂ ಕೆಡುಕು. ಕೀಟನಾಶಕ ತುಂಬಿದ್ದ ಚೀಲವನ್ನು ಹೊದೆಯಬೇಡಿ.

3. ನೆಂದ ಬಟ್ಟೆಯನ್ನು ಹೊಲದಲ್ಲಿಯೇ ಬದಲಾಯಿಸಿ. ಊಟಕ್ಕೆ ಮೊದಲು ಕೈಯನ್ನು, ಮನೆಗೆ ಬಂದ ಕೂಡಲೇ ಮೈಯನ್ನು ಸೋಪು ಹಚ್ಚಿ ತೊಳೆಯಿರಿ.

4. ಗರ್ಭಿಣಿಯರು ಮತ್ತು ಮಕ್ಕಳು ಹಸಿಸೊಪ್ಪು ಮುಟ್ಟುವುದು ಬೇಡ, ಕಡ್ಡಿಗೆ ಕಟ್ಟುವ ಕೆಲಸವೂ ಬೇಡ. ನಿಕೋಟಿನ್ ಹೊಟ್ಟೆಯಲ್ಲಿರುವ ಮಗುವನ್ನೂ ತಲುಪುತ್ತದೆ. ಮಕ್ಕಳ ಮೈ ಚಿಕ್ಕದು, ಅಲ್ಪ ವಿಷವೂ ಅವರಿಗೆ ಹೆಚ್ಚು.

5. ವಾಕರಿಕೆ ಶುರುವಾದರೆ ಕೆಲಸ ನಿಲ್ಲಿಸಿ, ಸ್ನಾನ ಮಾಡಿ, ನೀರನ್ನು ಗುಟುಕುಗುಟುಕಾಗಿ ಕುಡಿದು ಮಲಗಿ. ವಾಂತಿ ನಿಲ್ಲದಿದ್ದರೆ, ಉಸಿರಾಟ ಕಷ್ಟವಾದರೆ, ಎಚ್ಚರ ತಪ್ಪಿದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಅಂದು ಬಂದ ಹೆಣ್ಣುಮಗಳಿಗೆ ಮೊದಲು ಮಾಡಿಸಿದ ಚಿಕಿತ್ಸೆ ಒದ್ದೆಬಟ್ಟೆ ಬಿಚ್ಚಿಸಿ ಸೋಪಿನಿಂದ ಮೈ ತೊಳೆಸಿದ್ದು. ವಾಂತಿಗೆ ಚುಚ್ಚುಮದ್ದು, ರಾತ್ರಿಯೆಲ್ಲಾ ಡ್ರಿಪ್, ಮಾರನೆಯ ದಿನ ಎದ್ದು ಕೂತರು. ಹೋಗುವಾಗ ಗಂಡ ‘ನಾಳೆ ಇನ್ನೊಂದು ಸಾಲು ಮುರಿಯೋದಿದೆ ಸಾರ್’ ಎಂದಾಗ ಅತ್ತೆಯೇ ಗದರಿದರು: ‘ಬಿಸಿಲು ಬಂದ ಮೇಲೆ ನಾನೂ ನೀನೂ ಮುರಿಯೋಣ ನಡಿ.’

ಕೊಆಲಾದ ಲಿವರ್ ನಮಗಿಲ್ಲ, ಹುಳುವಿನ ಉಪಾಯವೂ ಇಲ್ಲ. ಮನುಷ್ಯನಿಗಿರುವುದು ತಿಳಿವಳಿಕೆ ಮತ್ತು ಒಂದು ತುಂಡು ಸೋಪು. ಅವನ್ನಾದರೂ ಬಳಸೋಣ.